ಸತ್ತವರು ಎದ್ದು ನಿಲ್ಲುವ ಆಟ

ಹನುಮಂತನಗರದಲ್ಲಿ ನಮ್ಮ ಬೀದಿಯ ತಂದೆತಾಯಂದಿರು ಸೇರಿ ಏರ್ಪಡಿಸಿದ್ದ ಭಾನುವಾರದ ಮಾತುಕತೆಯಲ್ಲಿ ಆಡಿದ ಮಾತುಗಳಿವು. ಹೆಚ್ಚು ತಿದ್ದದೆ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

2021ರ ನವೆಂಬರಿನಲ್ಲಿ, ಕೋವಿಡ್‌ನಿಂದ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಹಾಕಿದ್ದ ನಮ್ಮ ಶಿಶುವಿಹಾರ ಮತ್ತೆ ತೆರೆಯಿತು. ಮೊದಲ ವಾರವೇ ಐದು ವರ್ಷದ ಹುಡುಗನೊಬ್ಬ ತೋರುಬೆರಳು ಚಾಚಿ, ಹೆಬ್ಬೆರಳು ಮೇಲೆತ್ತಿ, ಪಕ್ಕದವನ ಹಣೆಗೆ ಗುರಿಯಿಟ್ಟು ನಿಂತಿದ್ದ. ನಮ್ಮಲ್ಲಿ ಗನ್ನಾಟ ಆಡುವಂತಿಲ್ಲ ಅಂತ ನಿಯಮ. ನಾನೇ ಮಾಡಿದ ನಿಯಮ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದದ್ದು. ಹತ್ತಿರ ಹೋದೆ. ಅವನು ಕೈ ಇಳಿಸಲೇ ಇಲ್ಲ. "ಗನ್ ಅಲ್ಲ ಮಿಸ್, ಟೆಂಪರೇಚರ್ ನೋಡ್ತಿದೀನಿ" ಅಂದ. ಪಕ್ಕದವನೂ ಹಣೆ ಕೊಟ್ಟು ಅಲುಗಾಡದೆ ನಿಂತಿದ್ದ. ಸರಿ ಅಂತ ತಿರುಗಿದೆ. ಬೆನ್ನ ಹಿಂದೆ "ಢಂ" ಅಂತ ಕೇಳಿಸಿತು. ನೋಡಿದರೆ ಹಣೆ ಕೊಟ್ಟವನು ಚಾಪೆಯ ಮೇಲೆ ಕೈಕಾಲು ಚೆಲ್ಲಿ ಬಿದ್ದಿದ್ದ.

ಆ ಮಕ್ಕಳು ಹೊರಗೆ ಹೋದಾಗಲೆಲ್ಲ ಕಂಡದ್ದು ಅದನ್ನೇ ತಾನೆ? ಕಿರಾಣಿ ಅಂಗಡಿ, ಅಪಾರ್ಟ್‌ಮೆಂಟ್ ಗೇಟು, ಬ್ಯಾಂಕು, ದೇವಸ್ಥಾನ, ಎಲ್ಲಿ ಹೋದರೂ ಯಾರೋ ಒಬ್ಬರು ಬಿಳಿ ಪಿಸ್ತೂಲಿನಂಥದ್ದನ್ನು ಹಣೆಗೆ ಹಿಡಿದು, ಆಮೇಲೆ ಒಳಗೆ ಬಿಡುತ್ತಿದ್ದರು. ಅವನು ಕಂಡದ್ದನ್ನು ಆಡಿದ, ಅದು ಸಹಜ. ನನಗೆ ಆ ರಾತ್ರಿ ನಿದ್ದೆ ಕೆಡಿಸಿದ್ದು ಅವನು ಹೇಳಿದ ಸುಳ್ಳು. ಎಷ್ಟು ಸಲೀಸಾಗಿ, ಕಣ್ಣು ಮಿಟುಕಿಸದೆ ಹೇಳಿದ! ನನ್ನ ನಿಯಮ ಆಟವನ್ನು ನಿಲ್ಲಿಸಿರಲಿಲ್ಲ. ನನ್ನಿಂದ ಬಚ್ಚಿಟ್ಟುಕೊಂಡು ಆಡುವುದನ್ನು ಕಲಿಸಿತ್ತು. ಹಿಂದಿನ ವರ್ಷಗಳನ್ನೆಲ್ಲ ನೆನೆದೆ. ಬಿಲ್ಡಿಂಗ್ ಬ್ಲಾಕ್ ಜೋಡಿಸಿ ಗುರಿ ಹಿಡಿದವರು ನಾನು ಬಂದ ತಕ್ಷಣ "ಇದು ಡ್ರಿಲ್ಲಿಂಗ್ ಮಷೀನು", "ಇದು ನೀರಿನ ಪೈಪು" ಅಂದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು.

ಇವತ್ತು ನೀವು ನನ್ನನ್ನು ಕರೆದು ಕೇಳಿರುವುದು, ಮಕ್ಕಳಿಗೆ ಆಟದ ಗನ್ನು ಕೊಡಿಸಬಹುದೇ ಅಂತ. ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಗನ್ನಾಟ ಆಡಲಿ, ತಡೆಯಬೇಡಿ. ಗನ್ನು ಕೊಡಿಸಬೇಡಿ. ಇವೆರಡೂ ಬೇರೆಬೇರೆ ಮಾತು ಅನ್ನುವುದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು.

ಮೊದಲು ಆಟದ ಮಾತು. ಇಲ್ಲಿ ಕೂತಿರುವ ಅಪ್ಪಂದಿರಲ್ಲಿ ಕಳ್ಳ ಪೊಲೀಸ್ ಆಡದವರು ಯಾರಾದರೂ ಇದ್ದೀರಾ? 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಮ್ಮ ಬೀದಿಯ ಕಡ್ಡಿ ಪೊರಕೆಗಳು ಒಂದೂ ಉಳಿಯಲಿಲ್ಲ. ಕಡ್ಡಿ ಬಗ್ಗಿಸಿ ದಾರ ಕಟ್ಟಿದರೆ ಬಿಲ್ಲು, ಇನ್ನೊಂದು ಕಡ್ಡಿ ಬಾಣ. ದೀಪಾವಳಿ ಬಂತೆಂದರೆ ತಗಡಿನ ಪಿಸ್ತೂಲು, ಕೆಂಪು ಕಾಗದದ ಕೇಪಿನ ಸುರುಳಿ. ಕೇಪು ಹೊಡೆದ ಮೇಲೆ ಬರುವ ಆ ಘಾಟು ಈಗಲೂ ಮೂಗಿಗೆ ಬಂದಂತಾಗುತ್ತದೆ. ಪಿಸ್ತೂಲು ಇಲ್ಲದ ಹುಡುಗರು ಕಲ್ಲಿನ ಮೇಲೆ ಕೇಪು ಇಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟುತ್ತಿದ್ದರು. ಹಾಗೆ ಆಡಿದವರೆಲ್ಲ ಇವತ್ತು ಬ್ಯಾಂಕಿನಲ್ಲಿ, ಬಿಎಂಟಿಸಿಯಲ್ಲಿ, ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿಕೊಂಡು ತಮ್ಮ ಪಾಡಿಗೆ ತಾವಿದ್ದಾರೆ. ಇದು ಪುರಾವೆ ಆಗುವುದಿಲ್ಲ, ಗೊತ್ತು. ಪುರಾವೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಕ್ಕಳ ಗನ್ನಾಟವನ್ನು ಹತ್ತಿರ ಕೂತು ನೋಡಿ. ಅದರಲ್ಲಿ ಬಹಳ ಹೊತ್ತು ಹೋಗುವುದು ಗುಂಡು ಹಾರಿಸುವುದರಲ್ಲಿ ಅಲ್ಲವೇ ಅಲ್ಲ. ಯಾರು ಕಳ್ಳ, ಯಾರು ಪೊಲೀಸ್, ಎಲ್ಲಿಂದ ಎಲ್ಲಿಗೆ ಜೈಲು, ಎಷ್ಟು ಎಣಿಸಿದ ಮೇಲೆ ಸತ್ತವರು ಏಳಬಹುದು, ಇದರ ಪಂಚಾಯಿತಿಯೇ ಅರ್ಧ ಆಟ. "ನೀನು ಸತ್ತೆ", "ಇಲ್ಲ, ತಾಗಲಿಲ್ಲ", "ತಾಗಿತು ಕಣೋ, ನಾನು ನೋಡಿದೆ". ಗುಂಡೇ ಇಲ್ಲದ ಗುಂಡು ತಾಗಿತೋ ಇಲ್ಲವೋ ಅಂತ ಇಬ್ಬರೂ ಒಪ್ಪಬೇಕು. ಒಪ್ಪದಿದ್ದರೆ ಆಟ ಮುಂದೆ ಹೋಗುವುದಿಲ್ಲ. ಅಷ್ಟು ದೊಡ್ಡ ರಾಜಿ ಮಾಡಿಕೊಳ್ಳಲು ನಾಲ್ಕು ವರ್ಷದ ಮಕ್ಕಳಿಗೆ ಬೇರೆಲ್ಲಿ ಅವಕಾಶ ಸಿಗುತ್ತದೆ ಹೇಳಿ. ತೀರಾ ಚಿಕ್ಕವರು ಓಡಿ ಬಂದರೆ ಅವರನ್ನೂ ಸೇರಿಸಿಕೊಳ್ಳುತ್ತಾರೆ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ಅವರಿಗೆ ಎಷ್ಟು ಸಲ ಗುಂಡು ತಾಗಿದರೂ ಸಾಯುವುದಿಲ್ಲ. ದೊಡ್ಡ ಮಕ್ಕಳು ಅದನ್ನು ಮರುಮಾತಿಲ್ಲದೆ ಒಪ್ಪುತ್ತಾರೆ.

ಇನ್ನೊಂದು ಇದೆ. ಟೈಂ ಪ್ಲೀಸ್. ಬೆಂಗಳೂರಿನ ಬೀದಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಪ್ಪಲಿ ಕಿತ್ತುಬಂದರೆ, ಕಾಲು ಉಳುಕಿದರೆ, ಅಳು ಬಂದರೆ ಟೈಂ ಪ್ಲೀಸ್. ಹಾಗಂದ ಮೇಲೆ ಎಂಥ ಪೊಲೀಸೂ ಮುಟ್ಟುವಂತಿಲ್ಲ. ಈ ಮಾತು ನಡೆಯುವವರೆಗೆ ಅದು ಆಟ. ಒಂದು ಮಗು ಟೈಂ ಪ್ಲೀಸ್ ಅಂದ ಮೇಲೂ ಇನ್ನೊಂದು ಗುರಿ ಇಳಿಸದಿದ್ದರೆ ಎದ್ದು ಹೋಗಿ ಮಧ್ಯೆ ನಿಲ್ಲಿ. ನಾನು ಈಗ ಶಿಶುವಿಹಾರದಲ್ಲಿ ಕಾಯುವುದು ಅದೊಂದನ್ನೇ. ಕೈಯಲ್ಲಿ ಕಡ್ಡಿ ಇದೆಯೋ ಇಲ್ಲವೋ ನೋಡುವುದನ್ನು ಬಿಟ್ಟಿದ್ದೇನೆ. ಎದುರಿಗಿರುವ ಮಗುವಿನ ಮುಖ ನೋಡುತ್ತೇನೆ. ಅದು ನಗುತ್ತಾ ಓಡುತ್ತಿದೆಯೋ, ಮೂಲೆಗೆ ಸರಿಯುತ್ತಿದೆಯೋ. ಮೊಬೈಲಿನ ಗನ್ನಾಟದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಅದಕ್ಕೆ ಬೇರೆ ದಿನವೇ ಬೇಕು. ಅಲ್ಲಿ ಬಿದ್ದವನ ಮುಖ ಕಾಣುವುದಿಲ್ಲ ಅನ್ನುವುದಷ್ಟನ್ನು ಇವತ್ತಿಗೆ ಹೇಳಿ ಬಿಡುತ್ತೇನೆ.

ನನ್ನ ನಿಯಮ ಮೊದಲ ಸಲ ಅಲುಗಿದ್ದು 2017ರಲ್ಲಿ. ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಶಿಕ್ಷಕರ ದಿನ ಅದು. ಬೆಳಿಗ್ಗೆ ಮಕ್ಕಳು ಕೊಟ್ಟ ಗುಲಾಬಿ ಇನ್ನೂ ನನ್ನ ಮನೆಯ ಲೋಟದಲ್ಲಿತ್ತು. ಆಮೇಲಿನ ದಿನಗಳಲ್ಲಿ ಯಾವ ಮನೆಯಲ್ಲಿ ಟಿವಿ ಹಾಕಿದರೂ ಅದೇ ಸುದ್ದಿ, ಅದೇ ಗೇಟು. ಆ ವಾರ ನಮ್ಮ ಅಂಗಳದಲ್ಲಿ ನಾಲ್ಕು ಮಕ್ಕಳು ಒಂದು ಆಟ ಹೂಡಿದರು. ಅವರಿಗೆ ಹೆಸರೂ ಗೊತ್ತಿಲ್ಲ, ಕಾರಣವೂ ಗೊತ್ತಿಲ್ಲ. ಒಬ್ಬಳು ಚೀಲ ಹಾಕಿಕೊಂಡು ಬಂದು ಗೇಟು ತೆಗೆಯುತ್ತಾಳೆ, ಒಬ್ಬ ಬೆರಳು ತೋರಿಸುತ್ತಾನೆ, ಅವಳು ಬೀಳುತ್ತಾಳೆ, ಇನ್ನಿಬ್ಬರು ಆಂಬುಲೆನ್ಸ್ ಆಗಿ ಓಡಿ ಬರುತ್ತಾರೆ. ನಿಲ್ಲಿಸಬೇಕು ಅಂತ ಎದ್ದೆ. ಕಾಲು ಬರಲಿಲ್ಲ. ಮರುದಿನವೂ ಆಡಿದರು. ಮೂರನೆಯ ದಿನ ಆ ಹುಡುಗಿ ಆಟ ಬದಲಾಯಿಸಿದಳು. ಗೇಟಿನೊಳಗೆ ಬಂದವಳೇ ತಿರುಗಿ, ಇಲ್ಲದ ಬೀಗವನ್ನು ಎರಡು ಸಲ ತಿರುವಿ ಹಾಕಿದಳು. ಬೆರಳು ಹಿಡಿದವನು ಹೊರಗೇ ಉಳಿದ. ಆಮೇಲೆ ಆ ಆಟ ಮತ್ತೆ ಬರಲಿಲ್ಲ.

ನಾನು ಎದ್ದು ಹೋಗಿ ನಿಲ್ಲಿಸಿದ್ದರೆ ಆ ಬೀಗ ಹಾಕಲು ಅವಳಿಗೆ ಅವಕಾಶವೇ ಇರುತ್ತಿರಲಿಲ್ಲ.

ಈಗ ಪುರಾವೆ. 1992ರಲ್ಲಿ ಅಮೆರಿಕದಲ್ಲಿ ಮಾಲ್ಕಂ ವಾಟ್ಸನ್ ಮತ್ತು ಯಿಂಗ್ ಪೆಂಗ್ ಎಂಬ ಇಬ್ಬರು ಸಂಶೋಧಕರು ಮೂರರಿಂದ ಐದು ವರ್ಷದ 36 ಮಕ್ಕಳನ್ನು ಗಮನಿಸಿ ಒಂದು ಪ್ರಬಂಧ ಬರೆದರು. ಅವರು ಆಟದ ಹೊಡೆದಾಟವನ್ನೂ ನಿಜದ ಹೊಡೆದಾಟವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಗನ್ನು ಹಿಡಿದು ಹೆಚ್ಚು ಆಡುವ ಮಕ್ಕಳಲ್ಲಿ ನಿಜದ ಹೊಡೆದಾಟವೂ ಹೆಚ್ಚು ಕಂಡಿತು. ಇದು ನನ್ನ ಮಾತಿಗೆ ವಿರುದ್ಧ ಹೋಗುವ ಸಂಗತಿ, ಆದರೂ ಹೇಳುತ್ತಿದ್ದೇನೆ. ಯಾವುದು ಯಾವುದಕ್ಕೆ ಕಾರಣ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಜಗಳಗಂಟ ಮಗುವೇ ಗನ್ನನ್ನು ಹುಡುಕಿಕೊಂಡು ಹೋಗಿರಬಹುದು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯೂ ಇದೆ. ಮನೆಯಲ್ಲಿ ಹೆಚ್ಚು ಶಿಕ್ಷೆ ತಿನ್ನುವ ಮಕ್ಕಳಲ್ಲೂ ನಿಜದ ಹೊಡೆದಾಟ ಹೆಚ್ಚಿತ್ತು. ಗನ್ನಾಟ ಆಡಿದ ಅಂತ ಮಗನ ಬೆನ್ನಿಗೆ ಎರಡು ಬಾರಿಸಿದ ಅಪ್ಪನನ್ನು ನಾನು ನಮ್ಮ ಗೇಟಿನಲ್ಲೇ ಕಂಡಿದ್ದೇನೆ. ಅವರಿಗೆ ಇದನ್ನು ಹೇಳಬೇಕಿತ್ತು, ಆಗ ನನಗೂ ಗೊತ್ತಿರಲಿಲ್ಲ.

ಇಷ್ಟು ಆಟದ ಮಾತು. ಇನ್ನು ವಸ್ತುವಿನ ಮಾತು. ಇಲ್ಲಿ ನಾನು ಸಡಿಲ ಬಿಡುವುದಿಲ್ಲ.

ಉತ್ತರ ಕನ್ನಡದ ಕಡೆಯವರಿಗೆ ಪೆಟ್ಲು ಗೊತ್ತಿರುತ್ತದೆ. ಬಿದಿರಿನ ಸಣ್ಣ ಕೊಳವೆ, ಅದಕ್ಕೆ ಸರಿಯಾಗಿ ಕೂರುವ ಒಂದು ಕಡ್ಡಿ. ಒಂದು ಹಸಿರು ಕಾಯಿಯನ್ನು ತುದಿಯವರೆಗೆ ನೂಕಿ, ಇನ್ನೊಂದು ಕಾಯಿಯನ್ನು ಹಿಂದಿನಿಂದ ತಳ್ಳಿದರೆ ನಡುವಿನ ಗಾಳಿ ಒತ್ತಿಕೊಂಡು ಮೊದಲ ಕಾಯಿ ಪಟ್ ಅಂತ ಹಾರುತ್ತದೆ. ಅದನ್ನು ಮಾಡಲು ಮಗು ಅಜ್ಜನ ಪಕ್ಕ ಕೂತು ಬಿದಿರು ಆರಿಸಬೇಕು, ಕಡ್ಡಿ ಹೆರೆಯಬೇಕು, ಕಾಯಿ ಹುಡುಕಿ ಬೇಲಿ ಸುತ್ತಬೇಕು. ಇವತ್ತು ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ, ಮೊಬೈಲ್ ಆ್ಯಪಿನಲ್ಲಿ ಸಿಗುವ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲಿನಲ್ಲೂ ಹಾರಿಸುವುದು ಒತ್ತಿದ ಗಾಳಿಯೇ. ಸ್ಪ್ರಿಂಗು ಎಳೆದು ಬಿಟ್ಟರೆ ಗಾಳಿ ಒತ್ತಿ, 6 ಮಿಲಿಮೀಟರಿನ ಗಟ್ಟಿ ಗುಂಡು ಹೊರಡುತ್ತದೆ. ಒಂದಾದ ಮೇಲೊಂದು, ಹತ್ತು, ಇಪ್ಪತ್ತು. ಮಗು ಮಾಡಬೇಕಾದ್ದು ಬೆರಳು ಒತ್ತುವುದಷ್ಟೇ. ಹಾಗಂತ ಪೆಟ್ಲಿಗೂ ಕಣ್ಣಿನ ವಿಷಯದಲ್ಲಿ ವಿನಾಯಿತಿ ಇಲ್ಲ, ಕಡ್ಡಿ ಪೊರಕೆಯ ಬಾಣಕ್ಕೂ ಇಲ್ಲ.

ಕಣ್ಣಿನ ಗೂಡನ್ನು ಒಮ್ಮೆ ಬೆರಳಿನಿಂದ ಸವರಿಕೊಳ್ಳಿ. ಸುತ್ತ ಮೂಳೆ ಇದೆಯಲ್ಲ, ಆ ಬಾಯಿ ಸುಮಾರು 4 ಸೆಂಟಿಮೀಟರ್ ಅಗಲ. ಕ್ರಿಕೆಟ್ ಚೆಂಡು 7 ಸೆಂಟಿಮೀಟರ್. ಚೆಂಡು ಬಡಿದರೆ ಪೆಟ್ಟಿನ ಬಹುಪಾಲನ್ನು ಆ ಮೂಳೆ ತಡೆದುಕೊಳ್ಳುತ್ತದೆ. 6 ಮಿಲಿಮೀಟರಿನ ಗುಂಡನ್ನು ತಡೆಯಲು ಅಲ್ಲಿ ರೆಪ್ಪೆ ಬಿಟ್ಟರೆ ಏನೂ ಇಲ್ಲ.

ನನ್ನ ತಂಗಿಯ ಮಗನಿಗೆ ಆದದ್ದು ಇದೇ. ಒಂಬತ್ತು ವರ್ಷ ಆಗ. ಜಾತ್ರೆಯೊಂದರಲ್ಲಿ ಕಪ್ಪು ಪಿಸ್ತೂಲು ಬಂತು, ಜೊತೆಗೆ ಒಂದು ಡಬ್ಬಿ ಹಳದಿ ಗುಂಡು. ಕೊಡಿಸಿದ್ದು ನಮ್ಮವರೇ, ಅಂಗಡಿಯವನನ್ನು ಯಾಕೆ ದೂರಲಿ. ಮುಖಕ್ಕೆ ಹಿಡಿಯಬಾರದು ಅಂತ ಹೇಳಿಯೂ ಇದ್ದರು. ಅವನು ಮುಖಕ್ಕೆ ಹಿಡಿಯಲಿಲ್ಲ. ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಹೊಡೆಯುತ್ತಿದ್ದ. ಟ್ಯಾಂಕಿಗೆ ಬಡಿದ ಗುಂಡು ವಾಪಸ್ ಚಿಮ್ಮಿ ಅವನದೇ ಬಲಗಣ್ಣಿಗೆ ಬಂತು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸಂಜೆ. ಅವನ ಕಣ್ಣಿನ ಕಪ್ಪುಭಾಗದ ಕೆಳಗಡೆ, ಲೋಟದ ತಳದಲ್ಲಿ ಶರಬತ್ತು ನಿಂತ ಹಾಗೆ, ರಕ್ತ ಸಮತಟ್ಟಾಗಿ ನಿಂತಿತ್ತು. ತಲೆ ವಾಲಿಸಿದರೆ ಅದೂ ವಾಲುತ್ತಿತ್ತು. ದಿನಗಟ್ಟಲೆ ಎತ್ತರದ ದಿಂಬಿಗೆ ಒರಗಿ, ಓಡದೆ, ಓದದೆ ಮಲಗಿದ್ದ. ರಕ್ತ ಕರಗಿತು, ದೃಷ್ಟಿ ಮರಳಿತು. ಆದರೆ ಒಳಗೆ ನೀರು ಇಳಿದುಹೋಗುವ ಮೂಲೆಗೆ ಪೆಟ್ಟಾಗಿದೆ, ಎಷ್ಟೋ ವರ್ಷದ ಮೇಲೆ ಕಣ್ಣಿನ ಒತ್ತಡ ಏರಬಹುದು ಅಂದರು ವೈದ್ಯರು. ಈಗ ಕಾಲೇಜಿನಲ್ಲಿದ್ದಾನೆ. ವರ್ಷಕ್ಕೊಮ್ಮೆ ಒತ್ತಡ ನೋಡಿಸಿಕೊಂಡು ಬರುತ್ತಾನೆ. ಜೀವನಪೂರ್ತಿ ನೋಡಿಸಬೇಕು.

ಈಚೆಗೆ ನೀರಿನಲ್ಲಿ ನೆನೆಸಿದ ಜೆಲ್ಲಿ ಮಣಿ ಹಾರಿಸುವ ಗನ್ನು ಬಂದಿವೆ. ಮೆತ್ತಗಿದೆ, ಏನೂ ಆಗಲ್ಲ ಅಂತ ಕೊಡಿಸುತ್ತಾರೆ. ಅದೂ ಕಣ್ಣಿಗೆ ಪೆಟ್ಟು ಕೊಡುತ್ತದೆ. ಅಷ್ಟೇ ಭಯ ಒಣ ಮಣಿಯದು. ಸಾಸಿವೆಯಷ್ಟು ಇರುತ್ತದೆ, ನೀರು ಹೀರಿ ಹತ್ತಾರು ಪಟ್ಟು ಊದಿಕೊಳ್ಳುತ್ತದೆ. ತಮ್ಮನೋ ತಂಗಿಯೋ ನುಂಗಿದರೆ ಊದುವುದು ಕರುಳಿನಲ್ಲಿ.

ಕಾರ್ಬೈಡ್ ಗನ್ನಿನ ವಿಷಯ ಹೇಳುವಾಗ ನನಗೆ ಕೈ ನಡುಗುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲ್ ಮತ್ತು ಮಧ್ಯಪ್ರದೇಶದ ಇತರ ಊರುಗಳಲ್ಲಿ ನೂರಕ್ಕೂ ಹೆಚ್ಚು ಜನ, ಅದರಲ್ಲಿ ಬಹುಪಾಲು ಮಕ್ಕಳು, ಇದರಿಂದ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿ ಹೋಯಿತು. ಪಿವಿಸಿ ಪೈಪು, ಗ್ಯಾಸ್ ಲೈಟರು, ಕ್ಯಾಲ್ಸಿಯಂ ಕಾರ್ಬೈಡ್, ಇಷ್ಟೇ ಅದು. ಮಾವಿನ ಹಣ್ಣು ಮಾಗಿಸಲು ಬಳಸಬಾರದು ಅಂತ ಕಾನೂನೇ ಇದೆಯಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಅಸಿಟಿಲೀನ್ ಅನಿಲ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಮೊದಲ ಕಿಡಿಗೆ ಸಿಡಿಯದಿದ್ದರೆ ಮಗು ಏನು ಮಾಡುತ್ತದೆ? ಯಾಕೆ ಹಾರಲಿಲ್ಲ ಅಂತ ಪೈಪಿನೊಳಗೆ ಇಣುಕಿ ನೋಡುತ್ತದೆ. ಆಗ ಸಿಡಿಯುತ್ತದೆ. ಮಾಡುವ ವಿಧಾನವನ್ನು ಮಕ್ಕಳು ರೀಲ್ಸ್ ನೋಡಿ ಕಲಿಯುತ್ತಾರೆ. ನಮ್ಮ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪ್ರತಿ ದೀಪಾವಳಿಗೂ ಪಟಾಕಿ ಗಾಯಗಳಿಗೆಂದೇ ಹಾಸಿಗೆ ತೆಗೆದಿಡುತ್ತಾರೆ. ಹಬ್ಬಕ್ಕೆ ಮುಂಚೆ ನಿಮ್ಮ ಮಕ್ಕಳ ಜೊತೆ ಕೂತು ಈ ಪೈಪಿನ ಮಾತು ಆಡಿ, ಕೈ ಮುಗಿದು ಕೇಳುತ್ತೇನೆ.

ಏನೂ ಹಾರದ, ಆದರೆ ಥೇಟ್ ನಿಜದ ಪಿಸ್ತೂಲಿನ ಹಾಗಿರುವ ಆಟಿಕೆಯನ್ನೂ ನಾನು ಬೇಡ ಅನ್ನುತ್ತೇನೆ. ಅಮೆರಿಕದ ಅಟ್ಲಾಂಟಾದಲ್ಲಿ ನಡೆಸಿದ ಒಂದು ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು 29 ಗುಂಪು ಮಾಡಿ ಒಂದು ಕೋಣೆಯಲ್ಲಿ ಆಡಲು ಬಿಟ್ಟರು. ಒಂದು ಡ್ರಾಯರಿನಲ್ಲಿ ಗುಂಡು ತೆಗೆದ ನಿಜವಾದ ಪಿಸ್ತೂಲು ಇತ್ತು. 21 ಗುಂಪುಗಳಿಗೆ ಅದು ಸಿಕ್ಕಿತು, 10 ಗುಂಪುಗಳಲ್ಲಿ ಯಾರಾದರೂ ಒಬ್ಬ ಅದರ ಟ್ರಿಗರ್ ಒತ್ತಿದ. ಕಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಡುಗರು ಅದನ್ನು ಆಟಿಕೆ ಅಂದುಕೊಂಡಿದ್ದರು, ಇಲ್ಲವೇ ಅವರಿಗೆ ಖಾತ್ರಿ ಇರಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೇ ಗೊತ್ತಾಗುವುದಿಲ್ಲ ಅಂದರೆ, ಎದುರಿಗಿರುವ ದೊಡ್ಡವರಿಗಾದರೂ ಗೊತ್ತಾಗುತ್ತದೆಯೇ? 2014ರ ನವೆಂಬರಿನಲ್ಲಿ ಅಮೆರಿಕದ್ದೇ ಕ್ಲೀವ್‌ಲ್ಯಾಂಡ್ ಊರಿನ ಪಾರ್ಕಿನಲ್ಲಿ ಟಮೀರ್ ರೈಸ್ ಎಂಬ ಹನ್ನೆರಡು ವರ್ಷದ ಹುಡುಗ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು ಹಿಡಿದಿದ್ದ. ಪೊಲೀಸ್ ಕಾರು ಬಂದು ನಿಂತ ಕೆಲವೇ ಕ್ಷಣಗಳಲ್ಲಿ ಅವನಿಗೆ ಗುಂಡು ಹೊಡೆದರು. ಮರುದಿನ ತೀರಿಕೊಂಡ. ಆ ದೇಶದಲ್ಲಿ ಆಟದ ಗನ್ನಿನ ತುದಿಗೆ ಕಿತ್ತಳೆ ಬಣ್ಣ ಇರಬೇಕು ಅಂತ 1988ರಿಂದ ಕಾನೂನಿದೆ. ಅವನ ಕೈಯಲ್ಲಿದ್ದ ಪಿಸ್ತೂಲಿಗೆ ಆ ತುದಿ ಇರಲಿಲ್ಲ. ನಮ್ಮ ಪೊಲೀಸರು ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಊರೇ ಬೇರೆ. ಆದರೆ ಆಟಿಕೆ ಪಿಸ್ತೂಲು ತೋರಿಸಿ ಸುಲಿಗೆ ಮಾಡಿದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬರುತ್ತದೆ. ಯಾರನ್ನಾದರೂ ಹೆದರಿಸಿ ದುಡ್ಡು ಕಿತ್ತುಕೊಳ್ಳಲು ಸಾಕಾಗುವಷ್ಟು ನಿಜವಾಗಿರುವ ವಸ್ತು ನನ್ನ ಲೆಕ್ಕದಲ್ಲಿ ಆಟಿಕೆ ಅಲ್ಲ.

ಕೊಂಡುಕೊಳ್ಳುವಾಗ ಡಬ್ಬ ತಿರುಗಿಸಿ ನೋಡಿ. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ 14+ ಅಂತ ಇದ್ದರೆ, ಇದು ನಿಮ್ಮ ಆರು ವರ್ಷದ ಮಗನಿಗಲ್ಲ ಅಂತ ತಯಾರಿಸಿದವನೇ ಹೇಳಿದ್ದಾನೆ.

ಹಾಗಾದರೆ ಏನು ಕೊಡಬೇಕು? ನಮ್ಮಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ಸುತ್ತಿದ ಪೇಪರು, ಮೊಂಡು ತುದಿಯ ಕಡ್ಡಿ, ಖಾಲಿ ಟೇಪಿನ ಉಂಗುರ. ಬೆಳಿಗ್ಗೆ ಗನ್ನಾದ ಪೇಪರಿನ ಸುರುಳಿ ಮಧ್ಯಾಹ್ನ ದುರ್ಬೀನು ಆಗುತ್ತದೆ, ಸಂಜೆಗೆ ನಾದಸ್ವರ. ಅಂಗಡಿಯ ಪಿಸ್ತೂಲು ಬೆಳಿಗ್ಗೆಯೂ ಪಿಸ್ತೂಲು, ಸಂಜೆಯೂ ಪಿಸ್ತೂಲು.

ಪ್ರಶ್ನೆಗಳಲ್ಲಿ ಮೊದಲನೆಯದು ಕೊಡಗಿನ ಅಪ್ಪ ಒಬ್ಬರದು. "ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಗುಂಡು ಹಾರಿಸ್ತೀವಿ, ಹರಳು ಗಿಡದ ಕಡ್ಡಿಯ ಬಿಲ್ಲನ್ನು ಕೂಸಿನ ಕೈಗೆ ಕೊಡ್ತೀವಿ, ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡ್ತೀವಿ. ನನ್ನ ಮಗನಿಗೆ ಏನು ಹೇಳಲಿ?" ಅಂದರು. ನಿಮ್ಮ ಅಜ್ಜ ನಿಮಗೆ ಮೊದಲು ಏನು ಹೇಳಿಕೊಟ್ಟರು ಅಂತ ನಾನೇ ಕೇಳಿದೆ. ಕೋವಿ ಖಾಲಿ ಇದ್ದರೂ ಅದರ ಬಾಯಿ ಮನುಷ್ಯರ ಕಡೆ ತಿರುಗಬಾರದು, ಅದನ್ನೇ, ಅಂದರು. ಅವರ ಮಾತು ಕೇಳಿದ ಮೇಲೆ ನನಗೇ ವಿಷಯ ಇನ್ನಷ್ಟು ತಿಳಿಯಾಯಿತು. ಕೊಳವೆಯಿಂದ ಏನಾದರೂ ಹೊರಗೆ ಬರುವುದಾದರೆ, ಅದು ಪ್ಲಾಸ್ಟಿಕ್ ಗುಂಡಾಗಲಿ ಜೆಲ್ಲಿಯಾಗಲಿ, ಅಜ್ಜನ ಮಾತು ನಡೆಯಬೇಕು. ದೊಡ್ಡವರು ಜೊತೆಗಿರಬೇಕು, ಕಣ್ಣಿಗೆ ಕನ್ನಡಕ, ಗುರಿಗೆ ರಟ್ಟಿನ ಹಲಗೆ, ಹಿಂದೆ ಪುಟಿಯದ ಬಟ್ಟೆ. ಅದು ಅಭ್ಯಾಸ. ಬಾಯಿಂದ ಬರುವ ಢಂ ಮಾತ್ರ ಇರುವುದಾದರೆ ಗೆಳೆಯನಿಗೆ ಗುರಿ ಹಿಡಿಯಲಿ. ಗೆಳೆಯ ಆಟದಲ್ಲಿದ್ದರೆ ಆಯಿತು. ಮಕ್ಕಳಿಗೆ ಈ ವ್ಯತ್ಯಾಸ ನಮಗಿಂತ ಬೇಗ ಅರ್ಥವಾಗುತ್ತದೆ.

ಎಲ್ಲರೂ ಎದ್ದ ಮೇಲೆ ಒಬ್ಬರು ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಮುಂದಿನ ವಾರದ ಹುಟ್ಟುಹಬ್ಬಕ್ಕೆ ಅಂತ ಪಿಸ್ತೂಲು ಆಗಲೇ ತಂದುಬಿಟ್ಟಿದ್ದಾರೆ, ಅವನು ಅದನ್ನು ನೋಡಿಯೂ ಬಿಟ್ಟಿದ್ದಾನೆ. ಚೀಲದಿಂದ ತೆಗೆದು ತೋರಿಸಿದರು. ಕಪ್ಪಗೆ, ಭಾರವಾಗಿ, ನಿಜದ ಹಾಗೇ ಇತ್ತು. ಈಗ ಕಿತ್ತುಕೊಳ್ಳಲಾ ಅಂತ ಅಜ್ಜಿ ಕಣ್ಣಲ್ಲೇ ಕೇಳಿದರು. ಹುಡುಗ ಅಜ್ಜಿಯ ಸೀರೆ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ಅವನ ಎದುರು ಕೂತು ತಂಗಿಯ ಮಗನ ಕಣ್ಣಿನ ವಿಷಯ ಹೇಳಿದೆ, ಶರಬತ್ತಿನ ಹಾಗೆ ರಕ್ತ ನಿಂತದ್ದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡು ಕೊಟ್ಬಿಡ್ತೀನಿ. ಗನ್ ಇಟ್ಕೋಬಹುದಾ?" ಅಂದ. ಭವನದ ಮೇಜಿನ ಮೇಲೆ ಅಲಂಕಾರಕ್ಕೆ ತಂದಿದ್ದ ಕಿತ್ತಳೆ ಬಣ್ಣದ ಟೇಪು ಉಳಿದಿತ್ತು. ಅವನೇ ಕೊಳವೆಯ ಬಾಯಿ ಮುಚ್ಚುವ ಹಾಗೆ ಸುತ್ತಿದ, ಹಲ್ಲಿನಿಂದ ಕಡಿದು, ಮತ್ತೆ ಹಿಡಿಯ ತನಕ ಸುತ್ತಿದ. ಕಪ್ಪು ಎಲ್ಲೂ ಕಾಣದ ಹಾಗೆ ಆದ ಮೇಲೆ ಅಜ್ಜಿಗೆ ಗುರಿ ಹಿಡಿದು ಢಂ ಅಂದ. ಅಜ್ಜಿ ಎದೆ ಹಿಡಿದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದರು. ಹತ್ತು ಎಣಿಸಿ ಎಬ್ಬಿಸಿಕೊಂಡು ಮನೆಗೆ ಕರೆದುಕೊಂಡು ಹೋದ.

ಹಳದಿ ಗುಂಡಿನ ಡಬ್ಬಿ ನನ್ನ ಹತ್ತಿರವೇ ಇದೆ.